ನಾನು ಸೊನ್ನೆ ಹಾಕಿದ ಸರಿಯುತ್ತರ

ಹೊಸದಾಗಿ ಕಾಲೇಜಿಗೆ ಪಾಠ ಮಾಡಲು ಸೇರಿಕೊಂಡವರಿಗಾಗಿ ನಿಮ್ಮ ಅನುಭವವನ್ನು ನಾಲ್ಕು ಮಾತಿನಲ್ಲಿ ಬರೆದುಕೊಡಿ ಎಂದು ನಮ್ಮ ಹಳೆಯ ವಿಭಾಗದವರು ಕೇಳಿದ್ದಾರೆ. ನಾಲ್ಕು ಮಾತಿನಲ್ಲಿ ಮುಗಿಸುವ ಜಾಯಮಾನ ನನ್ನದಲ್ಲ ಎಂಬುದು ಅವರಿಗೂ ಗೊತ್ತು. ಮೂವತ್ತೊಂದು ವರ್ಷ ಎಂ.ಎಸ್ಸಿ. ತರಗತಿಗಳಿಗೆ ಲೀನಿಯರ್ ಆಲ್ಜೀಬ್ರಾ ಪಾಠ ಮಾಡಿದವಳು ನಾನು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಅಲ್ಲೇ ನೋಡಿಕೊಳ್ಳಲಿ. ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ಮೊದಲಿಗೆ ನನ್ನ ಹೆಸರು. ಪದ್ಮಾವತಿ ಎಂದು ಅಪ್ಪ ಅಮ್ಮ ಇಟ್ಟದ್ದು. ವಿದ್ಯಾರ್ಥಿಗಳು ಇಟ್ಟದ್ದು ಮೈನಸ್ ಮೇಡಂ ಎಂದು. ಲೆಕ್ಕದಲ್ಲಿ ಮೈನಸ್ ಚಿಹ್ನೆ ಎಲ್ಲಾದರೂ ಬಿಟ್ಟುಹೋದರೆ ನಾನು ಅರ್ಧ ಅಂಕ ಕತ್ತರಿಸುತ್ತಿದ್ದೆ. ಉತ್ತರ ಸರಿ ಬಂದಿದ್ದರೂ ಕತ್ತರಿಸುತ್ತಿದ್ದೆ. ಈ ಹೆಸರು ನನಗೆ ತಿಳಿದದ್ದೇ ನಮ್ಮ ಯಜಮಾನರಿಂದ. ವಿದ್ಯಾರಣ್ಯಪುರದ ನಮ್ಮ ಬೀದಿಯ ಕೊನೆಯಲ್ಲಿರುವ ಜೆರಾಕ್ಸ್ ಅಂಗಡಿಯವನು ಅವರನ್ನು ಕಂಡು, 'ಮೈನಸ್ ಮೇಡಂ ಯಜಮಾನ್ರು ಅಲ್ವಾ ಸಾರ್' ಎಂದು ಮರ್ಯಾದೆಯಿಂದ ಕೇಳಿದನಂತೆ. ಮನೆಗೆ ಬಂದು ಅದನ್ನು ಹೇಳಿ ಅವರು ನಕ್ಕ ನಗುವಿಗೆ ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಪಾಠ ಮಾಡುವ ಕೆಲಸ ಹೇಗೆ ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಿಲ್ಲ. ನಾವು ಪುಸ್ತಕ ಓದಿ ಪಾಠ ಮಾಡುತ್ತೇವೆ ಎಂದುಕೊಂಡಿದ್ದಾರೆ. ನಾವು ನೋಟ್ಸ್ ನೋಡಿ ಪಾಠ ಮಾಡುತ್ತೇವೆ. ಹಿರಿಯರಿಂದ ಕಿರಿಯರಿಗೆ ನೋಟ್ಸ್ ದಾಟುತ್ತದೆ, ಅಡುಗೆಮನೆಯಲ್ಲಿ ಹುಳಿಪುಡಿಯ ಅಳತೆ ದಾಟುವ ಹಾಗೆ. ನಾನು ಸೇರಿದಾಗ ಲೀನಿಯರ್ ಆಲ್ಜೀಬ್ರಾ ಪಾಠ ಮಾಡುತ್ತಿದ್ದವರು ಗುರುಬಸಪ್ಪನವರು. ಹಣೆಯ ತುಂಬ ವಿಭೂತಿ, ತುಟಿಯ ಮೇಲೆ ಎರಡೂ ಕಡೆ ಸಮನಾಗಿ ತಿದ್ದಿದ ಮೀಸೆ. ಅವರಿಗೆ ವಿಭಾಗದ ಮುಖ್ಯಸ್ಥಗಿರಿ ಬಂದ ದಿನ, ರಟ್ಟು ಹಾಕಿದ ದಪ್ಪ ನೋಟ್ ಪುಸ್ತಕವನ್ನು ನನ್ನ ಕೈಗಿತ್ತು, ಇದರಲ್ಲಿರೋದನ್ನ ಬೋರ್ಡಿಗೆ ಇಳಿಸಿದರೆ ಸಾಕಮ್ಮ, ಬೇರೇನೂ ಬೇಡ ಎಂದರು. ನಾನು ಬೇರೇನೂ ಮಾಡಲಿಲ್ಲ. ಇಪ್ಪತ್ತೆರಡು ವರ್ಷ ಅದನ್ನೇ ಇಳಿಸಿದೆ.

ಗುರುಬಸಪ್ಪನವರಿಗೆ ಒಂದು ಶೋಕಿಯಿತ್ತು. ಗಣಿತದಲ್ಲಿ 'ಇದು ಇದ್ದರೆ ಅದು ಇರುತ್ತದೆ' ಎನ್ನುವ ಪ್ರಮೇಯಗಳಿರುತ್ತವೆ. ಅದನ್ನು ಒಂದು ಬಾಣ ಹಾಕಿ ಬರೆಯುತ್ತೇವೆ. 'ಅದು ಇದ್ದರೂ ಇದು ಇರುತ್ತದೆ' ಎಂದು ಹಿಂದಕ್ಕೂ ನಡೆದರೆ ಬಾಣಕ್ಕೆ ಎರಡೂ ಕಡೆ ಮೊನೆ ಹಾಕುತ್ತೇವೆ. ಅವರಿಗೆ ಒಂದೇ ಮೊನೆಯ ಬಾಣ ಕಂಡರಾಗದು. ಅರ್ಧ ಮೀಸೆ ಬೋಳಿಸಿಕೊಂಡವನ ಹಾಗೆ ಕಾಣುತ್ತದೆ ಎನ್ನುತ್ತಿದ್ದರು. ಆದ್ದರಿಂದ ಎಲ್ಲೆಲ್ಲಿ ಆಗುತ್ತದೋ ಅಲ್ಲೆಲ್ಲ ಎರಡನೆಯ ಮೊನೆಯನ್ನೂ ಹಾಕಿ, ಕೆಳಗೆ ಎರಡು ಸಾಲಿನಲ್ಲಿ ಅದು ಸರಿಯೆಂದು ತೋರಿಸುವ ಸಾಧನೆ ಬರೆದುಬಿಡುತ್ತಿದ್ದರು. ಆಗದ ಒಂದು ಕಡೆಯೂ ಹಾಕಿದ್ದರು ಎಂಬುದೇ ಈ ಕಥೆ.

ಗಣಿತ ಎಂದರೆ ಎದ್ದು ಓಡುವವರು ಎರಡು ನಿಮಿಷ ಕೂತಿರಿ. ಮ್ಯಾಟ್ರಿಕ್ಸ್ ಎಂದರೆ ಸಾಲು ಸಾಲಾಗಿ ಚೌಕದಲ್ಲಿ ಕೂರಿಸಿದ ಸಂಖ್ಯೆಗಳು, ಅಷ್ಟೆ. ಅವುಗಳಲ್ಲಿ ಕೆಲವಕ್ಕೆ ಪಾಸಿಟಿವ್ ಡೆಫಿನಿಟ್ ಎನ್ನುತ್ತೇವೆ. ಪ್ರತಿ ಮ್ಯಾಟ್ರಿಕ್ಸಿಗೂ ಅದರ ಗುಣ ಹೇಳುವ ಕೆಲವು ಸಂಖ್ಯೆಗಳಿರುತ್ತವೆ, ಐಗನ್ ವ್ಯಾಲ್ಯೂ ಎಂದು. ಅವೆಲ್ಲವೂ ಸೊನ್ನೆಗಿಂತ ಮೇಲಿದ್ದರೆ ಅದು ಪಾಸಿಟಿವ್ ಡೆಫಿನಿಟ್, ಎಲ್ಲವೂ ಸೊನ್ನೆಗಿಂತ ಕೆಳಗಿದ್ದರೆ ನೆಗೆಟಿವ್ ಡೆಫಿನಿಟ್. ಇನ್ನು ಟೆನ್ಸರ್ ಗುಣಲಬ್ಧ. ಒಂದು ರಂಗೋಲಿಯ ಪ್ರತಿ ಚುಕ್ಕಿಯ ಜಾಗದಲ್ಲೂ ಇನ್ನೊಂದು ಇಡೀ ರಂಗೋಲಿಯನ್ನೇ ಬಿಟ್ಟರೆ ಹೇಗಿರುತ್ತದೆ? ಹಾಗೆ A ಎಂಬ ಮ್ಯಾಟ್ರಿಕ್ಸಿನ ಪ್ರತಿ ಸಂಖ್ಯೆಯ ಜಾಗದಲ್ಲಿ, ಆ ಸಂಖ್ಯೆಯಿಂದ ಗುಣಿಸಿದ ಇಡೀ B ಯನ್ನು ಕೂರಿಸುವುದು. ಹಾಗೆ ಬಂದ ದೊಡ್ಡ ಮ್ಯಾಟ್ರಿಕ್ಸಿನ ಐಗನ್ ವ್ಯಾಲ್ಯೂಗಳು, A ಯದೊಂದು B ಯದೊಂದು ತೆಗೆದುಕೊಂಡು ಗುಣಿಸಿದರೆ ಬರುತ್ತವೆ. ಆದ್ದರಿಂದ A, B ಎರಡೂ ಪಾಸಿಟಿವ್ ಡೆಫಿನಿಟ್ ಆಗಿದ್ದರೆ ಟೆನ್ಸರ್ ಗುಣಲಬ್ಧವೂ ಪಾಸಿಟಿವ್ ಡೆಫಿನಿಟ್. ಇದು ಅಪ್ಪಟ ಸತ್ಯ.

ಗುರುಬಸಪ್ಪನವರ ನೋಟ್ಸಿನಲ್ಲಿ ಇದರ ಬಾಣಕ್ಕೆ ಎರಡು ಮೊನೆಗಳಿದ್ದವು. ಗುಣಲಬ್ಧ ಪಾಸಿಟಿವ್ ಡೆಫಿನಿಟ್ ಆಗಿದ್ದರೆ A ಯೂ B ಯೂ ಪಾಸಿಟಿವ್ ಡೆಫಿನಿಟ್ ಆಗಿರಲೇಬೇಕು ಎಂದು. ಯಾಕೆ? ಗುಣಿಸಿದಾಗ ಪಾಸಿಟಿವ್ ಬಂತಲ್ಲ, ಆದ್ದರಿಂದ ಗುಣಿಸಿದ ಎರಡೂ ಪಾಸಿಟಿವ್. ಇದನ್ನು ನಾನು ಇಪ್ಪತ್ತೆರಡು ವರ್ಷ, ಕೈಗೆ ಸೀಮೆಸುಣ್ಣ ಮೆತ್ತಿಕೊಂಡು, ದನಿ ಎತ್ತರಿಸಿ ಪಾಠ ಮಾಡಿದ್ದೇನೆ.

ನಿವೃತ್ತಳಾಗಲು ಒಂಬತ್ತು ವರ್ಷ ಇರುವಾಗ ಒಂದು ಸಲ ಎಂ.ಎಸ್ಸಿ. ಪರೀಕ್ಷೆಯ ಲೀನಿಯರ್ ಆಲ್ಜೀಬ್ರಾ ಪತ್ರಿಕೆಗೆ ಪ್ರಶ್ನೆಗಳನ್ನು ತೆಗೆಯುವ ಕೆಲಸ ನನಗೆ ಬಂತು. ಆಗ ಇನ್ನೂ ಕೈಬರಹದಲ್ಲೇ ಬರೆದು, ಲಕೋಟೆಗೆ ಅರಗು ಹಾಕಿ ಮುದ್ರೆಯೊತ್ತಿ ಕಳಿಸಬೇಕಿತ್ತು. ಯಜಮಾನರು ಮನೆಯಲ್ಲಿದ್ದರೆ ಇಣುಕಿಬಿಡುತ್ತಾರೆಂದು ಅವರನ್ನು ತರಕಾರಿಗೆ ಅಟ್ಟಿ, ಬಾಗಿಲು ಹಾಕಿಕೊಂಡು ಕೂತೆ. ಅವರು ಇಣುಕಿ ಏನು ಮಾಡುತ್ತಿದ್ದರೋ ದೇವರಿಗೇ ಗೊತ್ತು. ಐಟಿಐ ಓದಿ ಫಿಟ್ಟರ್ ಆಗಿದ್ದ ಮನುಷ್ಯ. ಅರಗು ಕಾಯಿಸುವಾಗ ಒಂದು ಹನಿ ಬಿದ್ದು ಸೀರೆಯ ಸೆರಗಿಗೆ ತೂತಾಯಿತು, ಆದರೂ ಲಕೋಟೆಗೆ ಐದು ಮುದ್ರೆ ಒತ್ತಿಯೇ ಎದ್ದೆ. ಒಳಗಿದ್ದ ಐದನೆಯ ಪ್ರಶ್ನೆ: ಎರಡು ಮ್ಯಾಟ್ರಿಕ್ಸ್‌ಗಳ ಟೆನ್ಸರ್ ಗುಣಲಬ್ಧ ಪಾಸಿಟಿವ್ ಡೆಫಿನಿಟ್ ಆಗಿದ್ದರೆ ಅವೆರಡೂ ಪಾಸಿಟಿವ್ ಡೆಫಿನಿಟ್ ಎಂದು ಸಾಧಿಸಿ. ಎಂಟು ಅಂಕ.

ಆ ವರ್ಷ ವ್ಯಾಲ್ಯುಯೇಷನ್ ಕ್ಯಾಂಪಿನಲ್ಲಿ ಮುಖ್ಯ ಪರೀಕ್ಷಕಿಯೂ ನಾನೇ. ಉತ್ತರ ಪತ್ರಿಕೆ ತಿದ್ದುವವರಿಗೆ ಒಂದು ಸ್ಕೀಮ್ ಇರುತ್ತದೆ: ಇಂಥ ಹೆಜ್ಜೆಗೆ ಎರಡು ಅಂಕ, ಇಂಥ ಹೆಜ್ಜೆಗೆ ಮೂರು. ಸ್ಕೀಮ್ ಬಿಟ್ಟು ಒಂದಿಂಚು ಆಚೀಚೆ ಹೋಗಕೂಡದು ಎಂದು ಬೆಳಿಗ್ಗೆಯೇ ಎಲ್ಲರಿಗೂ ಭಾಷಣ ಬಿಗಿದಿದ್ದೆ. ಹೆಸರಿಲ್ಲದ, ಬರೀ ಸಂಕೇತ ಸಂಖ್ಯೆಯ ಪತ್ರಿಕೆಗಳು. ನಮ್ಮ ಕಾಲೇಜಿನ ಮಕ್ಕಳೆಲ್ಲ ನನ್ನ ಸಾಧನೆಯನ್ನೇ ಅಕ್ಷರ ಬಿಡದೆ ಬರೆದಿದ್ದರು. ನಾನೂ ಖುಷಿಯಿಂದ ಎಂಟಕ್ಕೆ ಎಂಟು ಕೊಡುತ್ತಾ ಹೋದೆ. ನಡುವೆ ಒಂದು ಪತ್ರಿಕೆ ಬಂತು. ಐದನೆಯ ಪ್ರಶ್ನೆಗೆ ನಾಲ್ಕೇ ಸಾಲು. ಮೊದಲನೆಯ ಸಾಲೇ 'ಈ ಹೇಳಿಕೆ ಸುಳ್ಳು, ಆದ್ದರಿಂದ ಸಾಧಿಸಲು ಬರುವುದಿಲ್ಲ' ಎಂದಿತ್ತು.

ಆಗ ಸರಿಯಾಗಿ ಕಾಫಿ, ವಡೆ ಬಂದಿತ್ತು. ನಾನು ಆ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಮೇಜಿನ ಸುತ್ತ ಕೂತಿದ್ದವರೆಲ್ಲ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಓದಿಕೊಂಡು ಬಾರದೆ ಪ್ರಶ್ನೆಯೇ ಸುಳ್ಳು ಅನ್ನುವ ಧೈರ್ಯ ನೋಡಿ ಎಂದು ಒಬ್ಬರು ವಡೆ ಮುರಿದರು. ಉಳಿದ ಮೂರು ಸಾಲು ಏನಿದೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ, ನಾನೂ ಓದಲಿಲ್ಲ. ಸ್ಕೀಮಿನ ಯಾವ ಹೆಜ್ಜೆಯೂ ಅದರಲ್ಲಿರಲಿಲ್ಲವಲ್ಲ. ದೊಡ್ಡದೊಂದು ಸೊನ್ನೆ ಸುತ್ತಿ, ಪಕ್ಕದಲ್ಲಿ 'ಮೊದಲು ಪ್ರಶ್ನೆಯನ್ನು ಸರಿಯಾಗಿ ಓದಿ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಎರಡು ಗೆರೆ.

ಫಲಿತಾಂಶ ಬಂದು ವಾರವೋ ಹತ್ತು ದಿನವೋ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮೂವತ್ತರ ಆಸುಪಾಸು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಹೆಸರು ಸರ್ವಮಂಗಳ, ಮನೆ ಲಷ್ಕರ್ ಮೊಹಲ್ಲಾ, ತಂದೆಗೆ ಅಲ್ಲೇ ವಿಭೂತಿ, ಊದುಬತ್ತಿಯ ಅಂಗಡಿ ಎಂದಳು. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಟೆಂಪರರಿ ಟೀಚರಾಗಿದ್ದು, ಕೆಲಸ ಮಾಡಿಕೊಂಡೇ ಓದಿ ಎಂ.ಎಸ್ಸಿ. ಪರೀಕ್ಷೆಗೆ ಕಟ್ಟಿದ್ದಳಂತೆ. ಅದೇ ಆಡಳಿತದ ಪಿಯು ಕಾಲೇಜಿನಲ್ಲಿ ಗಣಿತದ ಕಾಯಂ ಕೆಲಸವೊಂದು ಖಾಲಿಯಾಗಿತ್ತು. ಪಾಸಾದ ಮಾರ್ಕ್ಸ್ ಕಾರ್ಡ್ ತಂದುಕೊಟ್ಟರೆ ನಿನಗೇ ಎಂದು ತಿಂಗಳ ಕೊನೆಯವರೆಗೆ ಹಿಡಿದಿಟ್ಟಿದ್ದರು. ಮಿಕ್ಕ ಪತ್ರಿಕೆಗಳೆಲ್ಲ ಪಾಸಾಗಿ, ಲೀನಿಯರ್ ಆಲ್ಜೀಬ್ರಾದಲ್ಲಿ ನಾಲ್ಕು ಅಂಕಕ್ಕೆ ಫೇಲಾಗಿದ್ದಳು. ತಿಂಗಳ ಕೊನೆಗೆ ಇನ್ನು ಹದಿನೆಂಟು ದಿನವಿತ್ತು.

"ಯಾರ ಮೇಲೂ ಜಗಳ ಮಾಡಕ್ಕೆ ಬಂದಿಲ್ಲ ಮೇಡಂ. ನೀವು ಯಾರು ಡೌಟ್ ಕೇಳಿದ್ರೂ ಹೇಳ್ಕೊಡ್ತೀರಿ ಅಂದ್ರು, ಅದಕ್ಕೇ ಬಂದ್ಬುಟ್ಟೆ. ಇದ್ರಲ್ಲಿ ನನ್ ತಪ್ಪು ಎಲ್ಲಿದೆ ಅಂತ ತೋರ್ಸ್ಬುಡಿ, ಮುಂದಿನ್ಸಲ ತಿದ್ಕೊಂಡು ಬರೀತೀನಿ. ಮೂರು ದಿನದಿಂದ ಹುಡುಕ್ತಾ ಇದ್ದೀನಿ, ಸಿಗ್ತಾನೇ ಇಲ್ಲ."

ಹೀಗೆಂದು ಅವಳು, ಪರೀಕ್ಷಾ ವಿಭಾಗಕ್ಕೆ ದುಡ್ಡು ಕಟ್ಟಿ ತರಿಸಿಕೊಂಡಿದ್ದ ತನ್ನ ಉತ್ತರ ಪತ್ರಿಕೆಯ ಜೆರಾಕ್ಸನ್ನು ಫೈಲಿನಿಂದ ತೆಗೆದುಕೊಟ್ಟಳು. ಸೊನ್ನೆ ನನ್ನದು. ಅಕ್ಷರ ನನ್ನದು. ಎರಡು ಗೆರೆಗಳೂ ನನ್ನವೇ. ಇದನ್ನು ಹಾಕಿದವಳು ನಾನೇ ಎಂದು ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ, ತಪ್ಪು ತೋರಿಸಿ ಕಾಫಿ ಕೊಟ್ಟು ಕಳಿಸಿಬಿಡೋಣ ಎಂದುಕೊಂಡೆ. ಆಗಲೂ ತಪ್ಪು ಅವಳದೇ ಎಂಬ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂದೆ ತಿರುಗಿಸಿ, ಗತ್ತಿನಿಂದ ಶುರುಮಾಡಿದೆ. A ಯ ಒಂದು ಐಗನ್ ವ್ಯಾಲ್ಯೂ, B ಯ ಒಂದು ಐಗನ್ ವ್ಯಾಲ್ಯೂ, ಎರಡನ್ನೂ ಗುಣಿಸಿದರೆ ಪಾಸಿಟಿವ್. ಆದ್ದರಿಂದ, ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು.

ಯಜಮಾನರು ಅಲ್ಲೇ ಪಕ್ಕದಲ್ಲಿ ಕೂತು ಮಿಕ್ಸಿಯ ಜಾರು ಬಿಚ್ಚಿ ಗುದ್ದಾಡುತ್ತಿದ್ದರು. ನಾನು ಬಾಯಿಬಿಟ್ಟು ಹೇಳುತ್ತಿದ್ದುದು ಅವರ ಕಿವಿಗೂ ಬಿದ್ದಿತ್ತು. ತಲೆ ಎತ್ತದೆಯೇ ಅಂದರು, "ಎರಡೂ ಮೈನಸ್ ಇದ್ರೂ ಪ್ಲಸ್ಸೇ ಬರತ್ತಲ್ವೇನೇ? ನಮ್ ಐಟಿಐನಲ್ಲೇ ಹೇಳ್ಕೊಟ್ಟಿದ್ರಲ್ಲ."

ಆಗ ಜೆರಾಕ್ಸಿನ ಉಳಿದ ಮೂರು ಸಾಲು ಓದಿದೆ. A ಯನ್ನೂ B ಯನ್ನೂ, ಮೂಲೆಯಿಂದ ಮೂಲೆಗೆ ಇಳಿಯುವ ಕರ್ಣದಲ್ಲಿ ಬರೀ ಮೈನಸ್ ಒಂದು, ಬೇರೆಲ್ಲ ಕಡೆ ಸೊನ್ನೆ ಇರುವ ಪುಟ್ಟ ಮ್ಯಾಟ್ರಿಕ್ಸ್ ಎಂದುಕೊಳ್ಳಿ. ಎರಡೂ ನೆಗೆಟಿವ್ ಡೆಫಿನಿಟ್. ಟೆನ್ಸರ್ ಗುಣಲಬ್ಧ ತೆಗೆದರೆ ಕರ್ಣದಲ್ಲೆಲ್ಲ ಪ್ಲಸ್ ಒಂದು ಬಂದು, ಪಾಸಿಟಿವ್ ಡೆಫಿನಿಟ್ ಆಗುತ್ತದೆ. ಮುಗಿಯಿತು. ಅದಕ್ಕಿಂತ ಚೊಕ್ಕವಾಗಿ ಬರೆಯಲು ನನಗೂ ಬಾರದು. ನನ್ನ ನೋಟ್ಸ್ ಸಿಗದೆ ಒಬ್ಬಳೇ ಕೂತು ಓದಿದವಳು ಅವಳು, ಆದ್ದರಿಂದಲೇ ಯೋಚನೆ ಮಾಡಿದ್ದಳು. ಮೈನಸ್ ಬಿಟ್ಟವರಿಗೆಲ್ಲ ಅರ್ಧ ಅಂಕ ಕತ್ತರಿಸಿದ ನಾನು, ಏಳನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರುವ ಮೈನಸ್ಸನ್ನು ಇಪ್ಪತ್ತೆರಡು ವರ್ಷ ಬಿಟ್ಟಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಿನ್ನದು ಸರಿ ಇದೆ ಕಣಮ್ಮ," ಎಂದೆ. "ಈ ಸೊನ್ನೆ ಹಾಕಿದವಳು ನಾನೇ. ಪ್ರಶ್ನೆ ತೆಗೆದವಳೂ ನಾನೇ."

ಅವಳು ರೇಗುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಜೆರಾಕ್ಸನ್ನು ತಿರುಗಿಸಿ ತಿರುಗಿಸಿ ನೋಡಿ, ಸದ್ಯ ನಂಗೆ ತಲೆ ಕೆಟ್ಟಿಲ್ಲ ಎಂದು ಉಸಿರುಬಿಟ್ಟಳು. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು.

ಮರುಮೌಲ್ಯಮಾಪನಕ್ಕೆ ಹಾಕಿದರೆ ಎರಡು ತಿಂಗಳು. ಅದನ್ನು ನೋಡುವ ಇನ್ನೊಬ್ಬ ಪುಣ್ಯಾತ್ಮನೂ ಅದೇ ಸ್ಕೀಮ್ ಹಿಡಿದು ಇನ್ನೊಂದು ಸೊನ್ನೆ ಸುತ್ತುತ್ತಾನೆ. ಇದ್ದದ್ದು ಒಂದೇ ದಾರಿ, ಪರೀಕ್ಷಾ ಮಂಡಳಿಯೇ ಪ್ರಶ್ನೆ ತಪ್ಪೆಂದು ಒಪ್ಪಿಕೊಳ್ಳುವುದು. ಮಂಡಳಿಯ ಅಧ್ಯಕ್ಷರು ಯಾರು? ಗುರುಬಸಪ್ಪನವರು. ಅದು ಅವರ ಸರ್ವಿಸಿನ ಕೊನೆಯ ವರ್ಷ. ಸನ್ಮಾನಕ್ಕೆ ಹಾಲ್ ಗೊತ್ತುಮಾಡಿ ಆಗಿತ್ತು. ಸೋಮವಾರ ಬೆಳಿಗ್ಗೆಯೇ ಆಟೋ ಹಿಡಿದು ವಿಜಯನಗರದ ಅವರ ಮನೆಗೆ ಹೋದೆ. ಪೂಜೆ ಮುಗಿಸಿ ಹೊರಬಂದವರು ನನ್ನ ಮುಖ ನೋಡಿ, ಯಾರಾದರೂ ಹೋಗಿಬಿಟ್ಟರೇ ಎಂದು ಕೇಳಿದರು. ನಿಮ್ಮ ಬಾಣದ ಒಂದು ಮೊನೆ ಹೋಯಿತು ಸಾರ್ ಎಂದೆ.

ವಿಷಯ ಕೇಳಿ ಮೊದಲು ಜಬರಿಸಿದರು. ನಾವು ಪಾಸಿಟಿವ್ ಬಗ್ಗೆ ಮಾತಾಡುತ್ತಿರುವಾಗ ನೆಗೆಟಿವ್ ಮ್ಯಾಟ್ರಿಕ್ಸ್ ಯಾರು ತೊಗೋತಾರೆ, ಅದು ಅಧಿಕಪ್ರಸಂಗ ಎಂದರು. ಅವರ ಗಣಿತ ಅವರನ್ನು ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡು ನಿಮಿಷ ಅತ್ತಿತ್ತ ಓಡಾಡಿ, ಥಟ್ಟನೆ ನಿಂತು, ಮುದ್ರಣ ದೋಷ ಅಂತ ಬರೆಯೋಣ ಎಂದರು. ಅವರ ಕೈಕೆಳಗೆ ಯಾವ ತಪ್ಪು ನಡೆದರೂ ಅದು ಮುದ್ರಣ ದೋಷವೇ. ಒಮ್ಮೆ ಪರೀಕ್ಷೆಯ ಕೋಣೆಗೆ ಬೀಗ ಹಾಕಿ ಕೀಲಿ ಮನೆಯಲ್ಲಿ ಬಿಟ್ಟು ಬಂದಾಗಲೂ ಅವರ ಬಾಯಲ್ಲಿ ಅದೇ ಬಂದಿತ್ತು.

"A ಯ ಕರ್ಣದಲ್ಲಿರೋದನ್ನೆಲ್ಲ ಕೂಡಿದ್ರೆ ಪಾಸಿಟಿವ್ ಬರತ್ತೆ ಅಂತ ಒಂದು ಮಾತು ಸೇರ್ಸ್ಬುಟ್ರೆ ಪ್ರಮೇಯ ಪೂರ್ತಿ ಸರಿಯಾಗತ್ತೆ ಕಣಮ್ಮ. ಎರಡೂ ನೆಗೆಟಿವ್ ಆಗಕ್ಕೆ ದಾರಿನೇ ಇರಲ್ಲ. ಆ ಒಂದು ಸಾಲು ಪ್ರೆಸ್ಸಲ್ಲಿ ಬಿಟ್ಟೋಗಿದೆ ಅನ್ನೋಣ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತೆರಡು ವರ್ಷ ಹೊಳೆಯದ ಷರತ್ತು, ತಪ್ಪು ಮುಚ್ಚಿಕೊಳ್ಳುವ ಗಳಿಗೆಯಲ್ಲಿ ಎರಡೇ ನಿಮಿಷಕ್ಕೆ ಹೊಳೆದಿತ್ತು. ಅದೂ ಅಪ್ಪಟ ಸರಿ. ಆದರೆ ನನ್ನ ಕೈಬರಹದ ಪ್ರತಿ ಪರೀಕ್ಷಾ ವಿಭಾಗದ ಬೀರುವಿನಲ್ಲಿದೆ, ಅದರಲ್ಲಿ ಆ ಸಾಲಿಲ್ಲ ಎಂದೆ. ಅಷ್ಟಕ್ಕೂ ಏನೂ ಮಾಡದ ಪ್ರೆಸ್ಸಿನವನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ ಎಂದೂ ಹೇಳಿದೆ. ಅವರಿಗೆ ಸಿಟ್ಟು ಬಂತು. ನನ್ನ ಕೊನೇ ವರ್ಷದಲ್ಲಿ ಇದೊಂದು ಬೇಕಿತ್ತಾ ನಿನಗೆ ಎಂದರು. ನಾನು ಸರ್ವಮಂಗಳಳ ಜೆರಾಕ್ಸನ್ನು ಅವರ ಮುಂದಿಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಮುಖ ಸಡಿಲವಾಯಿತು. "ನಾಲ್ಕೇ ಲೈನಲ್ಲಿ ಮುಗ್ಸ್ಬುಟ್ಟವ್ಳಲ್ಲಮ್ಮ," ಎಂದರು, ಮೆಲ್ಲಗೆ. ಆಮೇಲೆ ಆ ಸೊನ್ನೆಯನ್ನೂ ಪಕ್ಕದ ಅಕ್ಷರವನ್ನೂ ನೋಡಿ, ಇದ್ಯಾರು ಹೀಗೆ ಬರೆದದ್ದು ಎಂದು ಕೇಳಿ, ನನ್ನ ಮುಖ ನೋಡಿ, ಮುಂದೆ ಕೇಳಲಿಲ್ಲ. ಒಳಗೆ ಹೋಗಿ ಮಂಡಳಿಯ ಲೆಟರ್‌ಹೆಡ್ ತಂದರು.

ಪ್ರಶ್ನೆ ತಪ್ಪು, ತಪ್ಪು ಪ್ರಶ್ನೆ ತೆಗೆದವಳದು, ಈ ಸಂಖ್ಯೆಯ ಪತ್ರಿಕೆಯಲ್ಲಿರುವ ಉತ್ತರ ಸರಿ ಎಂದು ನಾನು ಬರೆದೆ. ಸಹಿ ಹಾಕುವ ಮೊದಲು ಗುರುಬಸಪ್ಪನವರು ಪೆನ್ನು ತೆಗೆದುಕೊಂಡು, ಈ ತಪ್ಪು ನನ್ನ ನೋಟ್ಸಿನಿಂದ ಬಂದದ್ದು ಎಂದು ತಾವಾಗಿ ಒಂದು ಸಾಲು ಸೇರಿಸಿದರು. ಆ ಮನುಷ್ಯನ ಮೇಲೆ ನನಗೆ ಎಷ್ಟೋ ಕೋಪಗಳಿದ್ದವು. ಅವತ್ತು ಅವರ ಕಾಲಿಗೆ ನಮಸ್ಕಾರ ಮಾಡಿ ಬಂದೆ.

ಪರೀಕ್ಷಾ ವಿಭಾಗಕ್ಕೆ ಹದಿನಾರು ದಿನದಲ್ಲಿ ಒಂಬತ್ತು ಸಲ ಅಲೆದೆ. ಟೇಬಲ್ಲಿನಿಂದ ಟೇಬಲ್ಲಿಗೆ ಫೈಲನ್ನು ನಾನೇ ಹೊತ್ತೆ. ಒಬ್ಬ ಗುಮಾಸ್ತರು, ಮೇಡಂ ನಿಮ್ ತಪ್ಪನ್ನ ನೀವೇ ಇಷ್ಟು ಅರ್ಜೆಂಟಾಗಿ ಮೂವ್ ಮಾಡಿಸ್ತಿರೋದನ್ನ ನನ್ನ ಸರ್ವಿಸಲ್ಲೇ ನೋಡಿಲ್ಲ ಎಂದರು. ಕೊನೆಗೆ ಆದೇಶ ಹೊರಬಿತ್ತು: ಐದನೆಯ ಪ್ರಶ್ನೆ ದೋಷಪೂರಿತವಾಗಿರುವುದರಿಂದ, ಅದನ್ನು ಪ್ರಯತ್ನಿಸಿದ ಎಲ್ಲರಿಗೂ ಪೂರ್ಣ ಅಂಕ. ಸುಳ್ಳನ್ನು ಸಾಧಿಸಿದವರಿಗೆ ಎಂಟು, ಸುಳ್ಳೆಂದು ತೋರಿಸಿದವಳಿಗೆ ಎಂಟು, ಪ್ರಶ್ನೆಯ ಸಂಖ್ಯೆಯನ್ನಷ್ಟೇ ಬರೆದು ಗಡಿಯಾರ ನೋಡುತ್ತಾ ಕೂತಿದ್ದವನಿಗೂ ಎಂಟು. ನನ್ನನ್ನು ಎರಡು ವರ್ಷ ಪರೀಕ್ಷಾ ಕೆಲಸದಿಂದ ದೂರವಿಟ್ಟರು. ಯಜಮಾನರಿಗೆ ತರಕಾರಿಗೆ ಹೋಗುವುದು ತಪ್ಪಿತು.

ಕೊಟ್ಟ ಗಡುವಿಗೆ ಒಂದು ದಿನ ಮುಂಚೆ ಸರ್ವಮಂಗಳಳ ಕೈಗೆ ಮಾರ್ಕ್ಸ್ ಕಾರ್ಡ್ ಬಂತು. ಕೆಲಸ ಸಿಕ್ಕಿತು. ಪೇಡೆ ತಂದುಕೊಟ್ಟು ನಮಸ್ಕಾರ ಮಾಡಿದಾಗ ನನಗೆ ಸಂಕೋಚವಾಯಿತು. ಆ ಎಂಟು ಅಂಕಕ್ಕೆ ಆದೇಶದಲ್ಲಿ ಕೃಪಾಂಕ ಎಂದು ಬರೆದಿದ್ದರು, ಯಾರೋ ಅಯ್ಯೋ ಪಾಪ ಎಂದು ಕೊಟ್ಟ ಹಾಗೆ. ಅದಕ್ಕೆ ನನಗೆ ತಡೆಯಲಾರದ ಸಿಟ್ಟು. ಅವಳೇ, ಇರ್ಲಿ ಬುಡಿ ಮೇಡಂ ಎಂದು ನನ್ನನ್ನು ಸಮಾಧಾನ ಮಾಡಿದಳು. ನಾನು ಬಿಡಲಿಲ್ಲ. ಅವಳ ಜೆರಾಕ್ಸ್ ಈಸಿಕೊಂಡು, ಸೊನ್ನೆಯನ್ನು ಹೊಡೆದುಹಾಕಿ, ಎಂಟು ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅದಕ್ಕೆ ಯಾವ ಆಫೀಸಿನಲ್ಲೂ ಬೆಲೆಯಿಲ್ಲ. ಅವಳು ಅದನ್ನು ಮಡಚದೆ ಫೈಲಿನಲ್ಲಿ ಇಟ್ಟುಕೊಂಡಳು.

ಈಗ ಪತ್ರಿಕೆಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ತಿದ್ದುತ್ತಾರೆ, ಅಂಕವನ್ನು ಒತ್ತುತ್ತಾರೆ. ಸೊನ್ನೆ ಹಾಕುವುದು ಮೊದಲಿಗಿಂತ ಸುಲಭವಾಗಿದೆ, ಪೆನ್ನು ಸುತ್ತುವ ಶ್ರಮವೂ ಇಲ್ಲ. ಹೊಸದಾಗಿ ಸೇರಿರುವ ನಿಮಗೆ ನಾನು ಹೇಳುವುದು ಇಷ್ಟೇ. ಸ್ಕೀಮಿಗೆ ಹೊಂದದ ಉತ್ತರ ಕಂಡರೆ ಅಲ್ಲಿ ಮಾತ್ರ ಪೂರ್ತಿ ಓದಿ. ಹೊಂದಿದ್ದನ್ನು ಓದದಿದ್ದರೂ ನಡೆಯುತ್ತದೆ.

ನಾನು ಇದನ್ನು ಜನರೆದುರು ತಮಾಷೆಯಾಗಿ ಹೇಳುತ್ತೇನೆ, ಅವರೂ ನಗುತ್ತಾರೆ. ಮನೆಗೆ ಬಂದ ಮೇಲೆ ಇನ್ನೊಂದು ಲೆಕ್ಕ ನೆನಪಾಗುತ್ತದೆ. ಸರ್ವಮಂಗಳ ಜೆರಾಕ್ಸ್ ತೆಗೆಸಿದಳು, ವಿಳಾಸ ಹುಡುಕಿದಳು, ಗೇಟಿನ ಬಳಿ ಬಂದು ನಿಂತಳು. ಅದಕ್ಕೂ ಮುಂಚಿನ ಇಪ್ಪತ್ತೆರಡು ವರ್ಷದಲ್ಲಿ ಉತ್ತರ ಪತ್ರಿಕೆಯ ಜೆರಾಕ್ಸ್ ಕೊಡುವ ಪದ್ಧತಿಯೇ ಇರಲಿಲ್ಲ. ಸೇರಿದ ಹೊಸದರಲ್ಲಿ ಒಂದು ದಿನ ಈ ಪ್ರಮೇಯ ಬರೆದು ಕೈ ಒರೆಸಿಕೊಳ್ಳುತ್ತಿದ್ದಾಗ ಕೊನೆಯ ಬೆಂಚಿನಿಂದ ಒಬ್ಬಳು ಎದ್ದು, ಎರಡೂ ನೆಗೆಟಿವ್ ಆಗಿದ್ದರೆ ಮೇಡಂ, ಎಂದು ಕೇಳಿದ್ದಳು. ನಾನು ಹಿಂದಿರುಗಿಯೂ ನೋಡದೆ, ಪಾಠ ಕೇಳಿಸ್ಕೊಂಡು ಆಮೇಲೆ ಮಾತಾಡು ಎಂದಿದ್ದೆ. ಕ್ಲಾಸೆಲ್ಲ ನಕ್ಕಿತ್ತು. ಅವಳ ಮುಖ ನಾನು ನೋಡಲೇ ಇಲ್ಲ, ಹೆಸರೂ ಗೊತ್ತಿಲ್ಲ. ಆಮೇಲೆ ಆ ವರ್ಷವೆಲ್ಲ ಕೊನೆಯ ಬೆಂಚಿನಿಂದ ಯಾರೂ ಏನನ್ನೂ ಕೇಳಲಿಲ್ಲ.

ಇದು ನಿನ್ನ ಕಣ್ಣಿಗೆ ಬಿದ್ದರೆ ತಿಳಿದುಕೋ ತಾಯಿ, ನೀನು ಕೇಳಿದ್ದು ಸರಿಯಾಗಿತ್ತು.